ಬಿಲ್ಲೆಯ ಸುತ್ತ ಖಾಲಿ ಉಂಗುರ: ಶಾಲಾ ಆ್ಯಂಟಿಬಯಾಟಿಕ್ ಕಿಟ್‌ ವಿಮರ್ಶೆ

ಆ್ಯಂಟಿಬಯಾಟಿಕ್ ಪ್ರತಿರೋಧವನ್ನು (ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಿರುವುದನ್ನು) ಹದಿಹರೆಯದವರಿಗೆ ಕಣ್ಣಾರೆ ತೋರಿಸಲು ಶಾಲೆಗಳಿಗೆಂದೇ ಸಿಗುವ ಡಿಸ್ಕ್ ಕಿಟ್ ಕೊಳ್ಳಲು ಯೋಗ್ಯ. ಆದರೆ ಅದೊಂದನ್ನೇ ನಂಬಿದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಪೆಟ್ಟಿಗೆಯಲ್ಲಿ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆ, ಹತ್ತಿಯ ಸ್ವಾಬ್, ಔಷಧ ಹೀರಿದ 6 ಮಿ.ಮೀ. ಕಾಗದದ ಬಿಲ್ಲೆಗಳು, ಜೊತೆಗೆ ನಿರುಪದ್ರವಿ ಬ್ಯಾಕ್ಟೀರಿಯಾ ಇರುತ್ತವೆ. ಮೈಕ್ರೊಕಾಕಸ್ ಲ್ಯೂಟಿಯಸ್ ಮತ್ತು ಇ. ಕೋಲಿ ಕೆ-12 ಎರಡೂ ಇರುವ ಕಿಟ್‌ ಆರಿಸಿ. ಪೆನಿಸಿಲಿನ್ ಬಿಲ್ಲೆಯ ಸುತ್ತ ಮೊದಲನೆಯದು ತಾನು ಬೆಳೆಯದ ಅಗಲ ಖಾಲಿ ಉಂಗುರ ಬಿಡುತ್ತದೆ, ಎರಡನೆಯದು ಬಿಲ್ಲೆಯ ಹತ್ತಿರದವರೆಗೂ ಬೆಳೆಯುತ್ತದೆ. ಮಕ್ಕಳ ಕೈಯಿಂದಲೋ ಮೂಗಿನಿಂದಲೋ ತೆಗೆದ ಬ್ಯಾಕ್ಟೀರಿಯಾ ಮಾತ್ರ ಬೇಡವೇ ಬೇಡ.

ಪ್ರಯೋಗ ಕೆಡುವುದು ಹೆಚ್ಚಾಗಿ ತಟ್ಟೆಯಲ್ಲೇ. ಅಗರ್ 4 ಮಿ.ಮೀ. ದಪ್ಪವಿರಬೇಕು, ದಪ್ಪಗಾದರೆ ಉಂಗುರ ಕುಗ್ಗುತ್ತದೆ, ತೆಳುವಾದರೆ ಹಿಗ್ಗುತ್ತದೆ. ಮೇಲ್ಮೈ ಒದ್ದೆಯಿದ್ದರೆ ಬ್ಯಾಕ್ಟೀರಿಯಾ ಹರಿದು ಅಂಚು ಕಲಸಿಹೋಗುತ್ತದೆ. ಬ್ಯಾಕ್ಟೀರಿಯಾ ದ್ರವದಲ್ಲಿ ಅದ್ದಿದ ಸ್ವಾಬನ್ನು ದ್ರವದ ಕೊಳವೆಯ ಒಳಗೋಡೆಗೆ ಒತ್ತಿ ಹಿಂಡಿ, ತಟ್ಟೆಯನ್ನು 60 ಡಿಗ್ರಿಯಂತೆ ತಿರುಗಿಸುತ್ತಾ ಮೂರು ಬಾರಿ ಸವರಬೇಕು. ಇಟ್ಟ ಬಿಲ್ಲೆಯನ್ನು ಸರಿಸಬಾರದು, ಏಕೆಂದರೆ ತಾಗಿದ ಕೂಡಲೇ ಔಷಧ ಇಳಿಯತೊಡಗುತ್ತದೆ. ಫ್ರಿಜ್‌ನಿಂದ ತೆಗೆದ ಬಿಲ್ಲೆಯ ಡಬ್ಬಿಯನ್ನು ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಿರಿ. ಇಲ್ಲವಾದರೆ ತೇವ ಕೂತು ಔಷಧದ ಶಕ್ತಿ ಕುಂದುತ್ತದೆ.

ಮುಚ್ಚಳಕ್ಕೆ ನಾಲ್ಕು ಕಡೆ ಚೂರು ಟೇಪ್ ಸಾಕು. ಸುತ್ತಲೂ ಸುತ್ತಿದರೆ ಗಾಳಿಯಿಲ್ಲದೆ ಬೇಡದ ಬ್ಯಾಕ್ಟೀರಿಯಾಕ್ಕೆ ಅನುಕೂಲ. ತಟ್ಟೆ ಬೋರಲು ಹಾಕಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ದಿನ ಇಡಿ. 37 ಡಿಗ್ರಿ ಶಾಲೆಗೆ ಸಲ್ಲದು. ಅದು ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾಕ್ಕೆ ಹಿಡಿಸುವ ಬಿಸಿ. ಉಂಗುರವನ್ನು ತಟ್ಟೆ ತೆರೆಯದೆ ತಳದಿಂದಲೇ, ಬಿಲ್ಲೆಯನ್ನೂ ಸೇರಿಸಿ ಅಳೆಯಿರಿ. ದೊಡ್ಡ ಉಂಗುರ ಎಂದರೆ ಬಲವಾದ ಔಷಧ ಎಂದು ಮಕ್ಕಳು ಥಟ್ಟನೆ ತೀರ್ಮಾನಿಸುತ್ತಾರೆ. ಅದು ತಪ್ಪು: ಸಣ್ಣ ಅಣುವಿನ ಔಷಧ ಅಗರ್‌ನಲ್ಲಿ ಸುಲಭವಾಗಿ ದೂರ ಹರಡುತ್ತದೆ.

ಕಿಟ್‌ನ ನಿಜವಾದ ಕೊರತೆ ಬೇರೆ. ಇ. ಕೋಲಿ ಪೆನಿಸಿಲಿನ್‌ಗೆ ಬಗ್ಗದಿರುವುದು ಅದರ ಹೊರಪೊರೆಯಿಂದ; ಅದು ಹುಟ್ಟುಗುಣ. ಪ್ರತಿರೋಧ ಹೇಗೆ ಹಬ್ಬುತ್ತದೆ ಎಂಬುದು ತಟ್ಟೆಯಲ್ಲಿ ಕಾಣುವುದಿಲ್ಲ. ಅದಕ್ಕೆ 20 ಮಣಿ ಸಾಕು: 15 ಬಿಳಿ (ಔಷಧಕ್ಕೆ ಬೇಗ ಸಾಯುವ ಬ್ಯಾಕ್ಟೀರಿಯಾ), 4 ಹಳದಿ (ತುಸು ತಡೆದುಕೊಳ್ಳುವವು), 1 ಕೆಂಪು (ಪ್ರತಿರೋಧವುಳ್ಳದ್ದು). ಒಂದೊಂದು ಡೋಸ್‌ಗೆ 5 ಬಿಳಿ ಮಣಿ ತೆಗೆಯಿರಿ. ಮೂರು ಡೋಸ್ ಮುಗಿದ ಮೇಲೆ ಉಳಿದ ಐದನ್ನು ಎರಡು ಸಲ ಇಮ್ಮಡಿಸಿದರೆ ಮತ್ತೆ 20 ಆಗುತ್ತವೆ, ಆದರೆ ಕೆಂಪು ಈಗ ನಾಲ್ಕು! ಔಷಧ ಕೆಂಪು ಮಣಿಯನ್ನು ಹುಟ್ಟಿಸಲಿಲ್ಲ, ಅದಕ್ಕೆ ಜಾಗ ಬಿಟ್ಟುಕೊಟ್ಟಿತು. ಪ್ರತಿರೋಧ ಬೆಳೆಯುವುದು ಬ್ಯಾಕ್ಟೀರಿಯಾಗಳಲ್ಲಿ, ರೋಗಿಯ ದೇಹದಲ್ಲಲ್ಲ ಎಂಬುದು ಮಕ್ಕಳಿಗೆ ಇಲ್ಲಿ ಮನದಟ್ಟಾಗುತ್ತದೆ.

ಬಳಸಿದ ತಟ್ಟೆಗಳನ್ನು ಎಸೆಯುವ ಮುನ್ನ 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ಆಟೊಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಬೇಕು. ಆ ಸೌಲಭ್ಯವಿಲ್ಲದ ಶಾಲೆ ಮಣಿಗಳಷ್ಟನ್ನೇ ಕೊಳ್ಳಲಿ.