ಕೊಡಗಿನ ಮಳೆಗಾಲದಲ್ಲಿ ವಾಹನದ ಬೀಗಕ್ಕೆ ಡಬ್ಲ್ಯೂಡಿ-40 ಒಂದೇ ಸಾಕೇ?

ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ಹಗಲಿರುಳು ಅಂಗಳದಲ್ಲೇ ನಿಲ್ಲುವ ಸ್ಕೂಟರು, ಜೀಪು, ಪಿಕಪ್‌ಗಳ ಬೀಗ ಬಿಗಿಯಾಗುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿರುವ ತೊಂದರೆ. ಅದಕ್ಕೆ ಬಹುತೇಕರು ಮೊದಲು ಹುಡುಕುವುದು ನೀಲಿ-ಹಳದಿ ಡಬ್ಬಿಯ ಡಬ್ಲ್ಯೂಡಿ-40 ಸ್ಪ್ರೇಯನ್ನು. ಬೀಗವನ್ನು ಒಳಗಿನಿಂದ ತೊಳೆಯುವುದಕ್ಕೆ ಇದು ನಿಜಕ್ಕೂ ಉತ್ತಮವಾದ ವಸ್ತು, ಆದರೆ ಇದೊಂದನ್ನೇ ನೆಚ್ಚಿಕೊಂಡು ನಮ್ಮ ಮಳೆಗಾಲವನ್ನು ದಾಟಿಸಲಾಗದು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1953ರಲ್ಲಿ ತಯಾರಾದ ಈ ದ್ರವವನ್ನು ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಂತೆ ಕಾಪಾಡಲು. ನೀರನ್ನು ಹೊರದೂಡುವುದೇ ಇದರ ಮೂಲ ಗುಣ. ವಾಹನದ ಬೀಗದೊಳಗೆ ಕೀಲಿಯ ಹಲ್ಲಿಗೆ ತಕ್ಕಂತೆ ಸರಿದಾಡುವ ತೆಳ್ಳನೆಯ ಲೋಹದ ಬಿಲ್ಲೆಗಳಿದ್ದು, ಅವನ್ನು ಒತ್ತಿ ಹಿಡಿಯಲು ಬಲು ಸಪೂರದ ಸ್ಪ್ರಿಂಗ್‌ಗಳಿರುತ್ತವೆ. ಕಾಫಿ ಕೊಯ್ಲಿನ ದಿನಗಳಲ್ಲಿ ಒಳಸೇರಿದ ಕೆಂಪು ಧೂಳು ಹಳೆಯ ಎಣ್ಣೆಯೊಡನೆ ಬೆರೆತು, ಮಳೆ ಬಂದಾಗ ಕೆಸರಾಗಿ, ಈ ಬಿಲ್ಲೆಗಳಲ್ಲಿ ಒಂದನ್ನು ಹಿಡಿದರೂ ಕೀಲಿ ತಿರುಗುವುದಿಲ್ಲ. ಡಬ್ಬಿಯ ಜೊತೆಗಿರುವ ಸಣ್ಣ ಕೆಂಪು ನಳಿಕೆಯನ್ನು ಕೀಲಿಕಂಡಿಗೆ ಹಿಡಿದು ಸಿಂಪಡಿಸಿದರೆ ಮೊದಲು ಇಳಿಯುವುದು ಕಪ್ಪು ಬೆರೆತ ಕಂದು ನೀರು. ಕೀಲಿಯನ್ನು ಮೆಲ್ಲಗೆ ಒಳಹೊರಗೆ ಆಡಿಸಿ, ಪ್ರತಿ ಸಲವೂ ಬಟ್ಟೆಯಲ್ಲಿ ಒರೆಸಿ, ಕೀಲಿ ಶುಭ್ರವಾಗಿ ಹೊರಬರುವವರೆಗೆ ಇದನ್ನೇ ಮಾಡಬೇಕು. ಈ ಕೆಲಸದಲ್ಲಿ ಡಬ್ಲ್ಯೂಡಿ-40ಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಕೊರತೆ ಕಾಣುವುದು ಆಮೇಲೆ. ಇದರ ಬಹುಭಾಗ ಆವಿಯಾಗಿ ಹೋಗಿ, ಉಳಿಯುವ ಎಣ್ಣೆಯ ಪದರ ತೀರಾ ತೆಳುವಾಗಿರುವುದರಿಂದ, ಸುರಿಯುವ ಮಳೆಗೆ ಅದು ಬಹುಕಾಲ ನಿಲ್ಲದು. ತೊಳೆದ ಬೀಗವನ್ನು ಒಣಗಲು ಬಿಟ್ಟು, ಒಣ ಪದರ ಉಳಿಸುವ ಪಿಟಿಎಫ್ಇ (ಟೆಫ್ಲಾನ್) ಸ್ಪ್ರೇಯನ್ನು ಸ್ವಲ್ಪವೇ ಹಾಕುವುದು ನನಗೆ ಸರಿಯೆನಿಸಿದ ಕ್ರಮ, ಏಕೆಂದರೆ ಅದಕ್ಕೆ ಧೂಳು ಅಷ್ಟಾಗಿ ಅಂಟುವುದಿಲ್ಲ. ಗ್ರ್ಯಾಫೈಟ್ ಪುಡಿ ಬೀಗಕ್ಕೆ ಹಳೆಯ ಮದ್ದೇ ಆದರೂ ಎಣ್ಣೆ ಅಥವಾ ತೇವ ತಾಗಿದರೆ ಗಟ್ಟಿಕಟ್ಟುತ್ತದೆ. ನಮ್ಮ ಹವೆಗೆ ಅದನ್ನು ನಾನು ಸೂಚಿಸುವುದಿಲ್ಲ. ಗ್ರೀಸಾಗಲಿ ಅಡುಗೆಮನೆಯ ತೆಂಗಿನೆಣ್ಣೆಯಾಗಲಿ ಖಂಡಿತ ಬೇಡ. ಮಡಿಕೇರಿಯ ಡಿಸೆಂಬರ್ ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟುವುದನ್ನು ಬಾಟಲಿಯಲ್ಲೇ ಕಂಡವರಿಗೆ, ಬೀಗದೊಳಗೆ ಅದು ಏನು ಮಾಡೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ರಿಮೋಟ್ ಇರುವ ಕಾರಿನವರು ಬಾಗಿಲಿನ ಕೀಲಿಕಂಡಿಯನ್ನು ಮರೆತೇಬಿಟ್ಟಿರುತ್ತಾರೆ. ರಿಮೋಟಿನ ಅಥವಾ ಕಾರಿನ ಬ್ಯಾಟರಿ ಕೈಕೊಟ್ಟ ದಿನ ಆ ಬೀಗವೇ ಆಸರೆಯಾದ್ದರಿಂದ, ಆಗಾಗ ಕೀಲಿ ಹಾಕಿ ತಿರುಗಿಸುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ಪ್ರೇ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು, ಆದ್ದರಿಂದ ಬಿಸಿ ಎಂಜಿನ್ನಿನ ಬಳಿ ಬಳಸಬಾರದು.

ಇಷ್ಟಾದರೂ ಬೀಗ ತಿರುಗದಿದ್ದರೆ ಡಬ್ಬಿಯನ್ನು ಬದಿಗಿಟ್ಟು ಕೀಲಿಯನ್ನೇ ನೋಡಬೇಕು. ಹಲ್ಲು ಸವೆದ ಕೀಲಿಗೆ ಯಾವ ಸ್ಪ್ರೇಯೂ ಪರಿಹಾರವಲ್ಲ, ಅದನ್ನೇ ನೋಡಿ ಕೊರೆಸಿದ ನಕಲು ಕೀಲಿಗೂ ಅದೇ ಸವಕಲು ಬರುತ್ತದೆ. ಬಳಸದೆ ಇಟ್ಟಿರುವ ಎರಡನೆಯ ಕೀಲಿಯಿಂದ ನಕಲು ಮಾಡಿಸಬೇಕು.