ಆಲ್ ದ ಬ್ರೈಟ್ ಪ್ಲೇಸಸ್: ಕೊನೆ ಗೊತ್ತಿದ್ದುಕೊಂಡೇ ಓದಿ

ಈ ವಿಮರ್ಶೆಯಲ್ಲಿ ಕಥೆಯ ಕೊನೆಯನ್ನು ಬಿಟ್ಟುಕೊಡುತ್ತಿದ್ದೇನೆ. ಬೇಕಂತಲೇ. ಜೆನಿಫರ್ ನಿವೆನ್ ಅವರ ಈ ಕಾದಂಬರಿಯಲ್ಲಿ ಹುಡುಗ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಬೇರೆ ಪುಸ್ತಕವಾಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಆದರೆ ಹೆಸರು ನೋಡಿ, ಒಬ್ಬ ಹುಡುಗ, ಒಬ್ಬಳು ಹುಡುಗಿಯ ಮುದ್ದಾದ ಲವ್ ಸ್ಟೋರಿ ಅಂದುಕೊಂಡು ಪಿಯುಸಿ ಓದುವ ತಂಗಿಗೋ ಮಗನಿಗೋ ಉಡುಗೊರೆ ಕೊಡುವವರು ಇದ್ದಾರೆ. ಅವರಿಗೆ ಇದು ಮೊದಲೇ ಗೊತ್ತಿರಲಿ.

2015ರಲ್ಲಿ ಬಂದ ಪುಸ್ತಕ. ಸುಮಾರು 400 ಪುಟ, ಆದರೆ ಇಂಗ್ಲಿಷ್ ಸುಲಭ, ಅಧ್ಯಾಯಗಳು ಚಿಕ್ಕವು, ಎರಡು ಮೂರು ರಾತ್ರಿಯಲ್ಲಿ ಮುಗಿದುಹೋಗುತ್ತದೆ. ಕಥೆ ನಡೆಯುವುದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಬಾರ್ಟ್ಲೆಟ್ ಎಂಬ ಕಲ್ಪಿತ ಊರಿನಲ್ಲಿ. ಹೈಸ್ಕೂಲಿನ ಕೊನೆಯ ವರ್ಷದ ಇಬ್ಬರು, ವೈಲೆಟ್ ಮಾರ್ಕಿ ಮತ್ತು ಥಿಯೋಡರ್ ಫಿಂಚ್, ಸರದಿಯ ಮೇಲೆ ಕಥೆ ಹೇಳುತ್ತಾರೆ. ಇಬ್ಬರೂ ಭೇಟಿಯಾಗುವುದೇ ಶಾಲೆಯ ಗಂಟೆ ಗೋಪುರದ ಅಂಚಿನಲ್ಲಿ. ಹುಡುಗ ಹುಡುಗಿಯನ್ನು ಮಾತಾಡಿಸಿ ಸುರಕ್ಷಿತವಾಗಿ ಕೆಳಗಿಳಿಸುತ್ತಾನೆ. ಆದರೆ ಶಾಲೆಯಲ್ಲಿ ಹರಡುವ ಸುದ್ದಿ ಉಲ್ಟಾ: ಜಾಣೆ ವೈಲೆಟ್ ಆ ಹುಚ್ಚು ಫಿಂಚ್‌ನ ಜೀವ ಉಳಿಸಿದಳು! ಅವನು ಅದನ್ನು ತಿದ್ದುವುದಿಲ್ಲ. ಹೇಗೂ ಅವನನ್ನು ಎಲ್ಲರೂ ವಿಚಿತ್ರ ಪ್ರಾಣಿ ಅಂತಲೇ ಕರೆಯುತ್ತಾರೆ, ಇನ್ನೊಂದು ಸೇರಿದರೆ ಏನಂತೆ ಅನ್ನೋ ಹಾಗೆ ಇದ್ದುಬಿಡುತ್ತಾನೆ. ನನಗೆ ಇಷ್ಟವಾದ ಶುರು ಇದು. ಅವಳ ಗುಟ್ಟು ಅವನು ಕಾಯುತ್ತಾನೆ. ಅವನೂ ಅದೇ ಅಂಚಿನಲ್ಲಿ ಯಾಕೆ ನಿಂತಿದ್ದ ಅಂತ ಯಾರೂ ಸರಿಯಾಗಿ ಕೇಳುವುದೇ ಇಲ್ಲ. ಇಡೀ ಪುಸ್ತಕ ಇರುವುದು ಈ ಅಸಮತೋಲದಲ್ಲಿ.

ವೈಲೆಟ್‌ನ ನೋವು ಊರಿಗೆಲ್ಲ ಗೊತ್ತಿರುವಂಥದ್ದು. ಅಕ್ಕ ಎಲೆನರ್ ಕಾರು ಅಪಘಾತದಲ್ಲಿ ಹೋದಳು, ಇವಳು ಅದೇ ಕಾರಿನಲ್ಲಿದ್ದು ಬದುಕಿ ಉಳಿದಳು. ಅವತ್ತಿನಿಂದ ಕಾರು ಹತ್ತಿಲ್ಲ. ಅಕ್ಕನ ಜೊತೆ ನಡೆಸುತ್ತಿದ್ದ ವೆಬ್‌ಸೈಟ್ ನಿಂತಿದೆ, ಬರೆಯುವುದೂ ನಿಂತಿದೆ. ಅಕ್ಕನ ಕನ್ನಡಕ ಹಾಕಿಕೊಂಡು ಓಡಾಡುತ್ತಾಳೆ. ಶಾಲೆ ಮುಗಿಯಲು ಇನ್ನು ಎಷ್ಟು ದಿನ ಅಂತ ಎಣಿಸುತ್ತಾಳೆ. ಫಿಂಚ್ ಕೂಡ ದಿನ ಎಣಿಸುತ್ತಾನೆ, ಆದರೆ ಅವನದು ಬೇರೆ ಲೆಕ್ಕ. ಎಚ್ಚರ ಆಗಿ ಎಷ್ಟನೇ ದಿನ ಅನ್ನುವುದು. ಅವನಿಗೆ ಆಗಾಗ ಒಂದು ನಿದ್ದೆ ಬರುತ್ತದೆ, ಅದು ಮಲಗಿ ಏಳುವ ನಿದ್ದೆಯಲ್ಲ, ವಾರಗಟ್ಟಲೆ ಮನುಷ್ಯನೇ ಇಲ್ಲದಂತಾಗುವ ಕತ್ತಲೆ. ಜನ ಅದನ್ನು ಜ್ವರ ಅಂದುಕೊಳ್ಳುತ್ತಾರೆ. ಅವನೂ ಹೌದು ಅನ್ನುತ್ತಾನೆ. ಮನೆಯಲ್ಲಿ ಹೊಡೆಯುವ ಅಪ್ಪ, ಈಗ ಬೇರೆ ಸಂಸಾರ ಕಟ್ಟಿಕೊಂಡಿದ್ದಾನೆ, ಆದರೂ ವಾರಕ್ಕೊಮ್ಮೆ ಅಲ್ಲಿ ಊಟಕ್ಕೆ ಹೋಗಲೇಬೇಕು. ಅಮ್ಮ ಎದುರಿಗಿದ್ದೂ ಇಲ್ಲದವಳು.

ಇಬ್ಬರನ್ನೂ ಹತ್ತಿರ ತರುವುದು ಒಂದು ಭೂಗೋಳದ ಪ್ರಾಜೆಕ್ಟ್. ರಾಜ್ಯ ಬಿಟ್ಟು ಹೋಗುವ ಮೊದಲು ಇಂಡಿಯಾನಾದ ಜಾಗಗಳನ್ನು ಕಾಲಿಟ್ಟು ನೋಡಿ ಬನ್ನಿ ಅಂತ ಮೇಷ್ಟ್ರು ಹೇಳುತ್ತಾರೆ. (ನಮ್ಮಲ್ಲಾದರೆ ಪ್ರಾಜೆಕ್ಟ್ ಅಂದರೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು, ಸ್ಪೈರಲ್ ಬೈಂಡಿಂಗ್, ಮುಗೀತು.) ಇಂಡಿಯಾನಾ ಬಲ್ಲವರಿಗೆ ಈ ಭಾಗ ಇನ್ನೂ ರುಚಿಸಬಹುದು, ಯಾಕಂದರೆ ಎಷ್ಟೋ ಜಾಗಗಳು ನಿಜಕ್ಕೂ ಇರುವಂಥವು. ಮೊದಲು ಹೋಗುವುದು ಹೂಸಿಯರ್ ಹಿಲ್‌ಗೆ. ರಾಜ್ಯದ ಅತಿ ಎತ್ತರದ ಜಾಗವಂತೆ, ಎತ್ತರ 1,257 ಅಡಿ. ನಮ್ಮ ಬೆಂಗಳೂರೇ ಅದರ ಎರಡು ಪಟ್ಟಿಗಿಂತ ಮೇಲಿದೆ! ಹೋಗಿ ನೋಡಿದರೆ ಏನೂ ಇಲ್ಲ, ಮರಗಳ ನಡುವೆ ಒಂದಿಷ್ಟು ದಿಬ್ಬ, ಕಲ್ಲು, ಒಂದು ಫಲಕ. ಆ 'ಏನೂ ಇಲ್ಲ'ವನ್ನೇ ಲೇಖಕಿ ಎಷ್ಟು ಚೆನ್ನಾಗಿ ಬಳಸಿಕೊಂಡಿದ್ದಾರೆ ಅಂದರೆ, ನೋಡಲು ಏನೂ ಇಲ್ಲದ ಕಡೆ ನಿಂತಾಗಲೇ ಇಬ್ಬರೂ ಒಬ್ಬರನ್ನೊಬ್ಬರು ನೋಡಲು ಶುರುಮಾಡುತ್ತಾರೆ. ಬ್ರೂಸ್‌ವಿಲ್ ಎಂಬಲ್ಲಿ ಒಬ್ಬರು ಮನೆ ಹಿತ್ತಲಲ್ಲೇ ಕಟ್ಟಿದ ರೋಲರ್ ಕೋಸ್ಟರ್ ಬರುತ್ತದೆ. ಅಲೆಕ್ಸಾಂಡ್ರಿಯಾ ಊರಿನ ಬಣ್ಣದ ಉಂಡೆ ಬರುತ್ತದೆ, 1977ರಲ್ಲಿ ಒಂದು ಬೇಸ್‌ಬಾಲ್‌ಗೆ ಬಣ್ಣ ಬಳಿಯಲು ಶುರುಮಾಡಿ ಬಳಿದು ಬಳಿದು ದೈತ್ಯ ಗಾತ್ರಕ್ಕೆ ಬೆಳೆದದ್ದು. ಹೋದಲ್ಲೆಲ್ಲ ಏನಾದರೂ ಬಿಟ್ಟು ಬರಬೇಕು ಅನ್ನುವುದು ಇವರ ನಿಯಮ. ಹೀಗೆ ಅಲೆಯುತ್ತಾ ಅಲೆಯುತ್ತಾ ಹುಡುಗಿ ಕಾರು ಹತ್ತುತ್ತಾಳೆ, ಮತ್ತೆ ಬರೆಯುತ್ತಾಳೆ, ಅಕ್ಕನ ಹೆಸರು ಬಾಯಿಬಿಟ್ಟು ಹೇಳುತ್ತಾಳೆ. ಪ್ರೀತಿಯ ಭಾಗವೂ ಚೆನ್ನಾಗಿದೆ. ಹಟ ಮಾಡುವುದು, ರಾತ್ರಿಯೆಲ್ಲ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಸಾಲುಗಳನ್ನು ಮೆಸೇಜ್ ಮಾಡಿಕೊಳ್ಳುವುದು ಎಲ್ಲ ಇದೆ. ಕೆಲವು ಕಡೆ ಹದಿನೇಳರ ಹುಡುಗರು ಹೀಗೆಲ್ಲ ಮಾತಾಡ್ತಾರಾ ಅನ್ನಿಸಿತು. ಸ್ವಲ್ಪ ಜಾಸ್ತಿಯೇ ಜಾಣತನ.

ನನಗೆ ಪುಸ್ತಕ ಗಟ್ಟಿ ಅನ್ನಿಸಿದ್ದು ಇಲ್ಲಿಂದ ಮುಂದೆ. ಅವಳದು ದುಃಖ ಮತ್ತು ತಪ್ಪಿತಸ್ಥ ಭಾವನೆ. ಹಂಚಿಕೊಂಡಷ್ಟೂ ಹಗುರಾಗುತ್ತದೆ. ಅವನದು ಕಾಯಿಲೆ. ಹುಡುಗಿ ಕೈ ಹಿಡಿದುಕೊಂಡಳು ಅಂತ ಅದು ಇಳಿಯುವುದಿಲ್ಲ. ಬಹಳಷ್ಟು ಹದಿಹರೆಯದ ಪ್ರೇಮಕಥೆಗಳು ಇಲ್ಲೇ ಸುಳ್ಳು ಹೇಳುವುದು, ಪ್ರೀತಿ ಸಿಕ್ಕಿತು, ಎಲ್ಲ ವಾಸಿಯಾಯಿತು ಅಂತ. ನಿವೆನ್ ಹೇಳುವುದಿಲ್ಲ. ಫಿಂಚ್ ಕೋಣೆಯ ಗೋಡೆಯ ಬಣ್ಣ ಬದಲಾಗುತ್ತದೆ, ಕೆಂಪಿನಿಂದ ನೀಲಿಗೆ. ಆಮೇಲೆ ಕೋಣೆಯೇ ದೊಡ್ಡದಾಯಿತು ಅಂತ ಬಟ್ಟೆ ಇಡುವ ಕ್ಲಾಸೆಟ್‌ನೊಳಗೆ ಹೋಗಿ ಇರತೊಡಗುತ್ತಾನೆ. ಮಾತು, ಜೋಕು ಮಾತ್ರ ನಿಲ್ಲುವುದಿಲ್ಲ. ಅವನ ಜೋಕಿಗೆ ನಗುತ್ತಾ ನಗುತ್ತಾ ನಾವೂ ಆ ಕ್ಲಾಸೆಟ್ ಅನ್ನು ಅವನ ಇನ್ನೊಂದು ಹುಚ್ಚಾಟ ಅಂದುಕೊಂಡು ಮುಂದೆ ಹೋಗುತ್ತೇವೆ, ಊರಿನವರ ಹಾಗೇ.

ಒಂದು ದೃಶ್ಯ ಹೇಳಲೇಬೇಕು. ಅವನು ಗುಟ್ಟಾಗಿ ಪಕ್ಕದ ಊರಿನಲ್ಲಿ ನಡೆಯುವ ಒಂದು ಗುಂಪಿಗೆ ಹೋಗುತ್ತಾನೆ, ಸಾಯುವ ಯೋಚನೆಯಿಂದ ಹೊರಬರಲು ನೋಡುತ್ತಿರುವ ಹುಡುಗ ಹುಡುಗಿಯರ ಸಭೆ. ಅಲ್ಲಿ ಕೂತಿರುವುದು ಯಾರು ಅಂದರೆ, ಅವನದೇ ಶಾಲೆಯ ಅಮಾಂಡಾ, ಎಲ್ಲರೂ ಅಸೂಯೆಪಡುವ ಹುಡುಗಿ! ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಗಾಬರಿಯಾಗುತ್ತಾರೆ. ಹೊರಗೆ ಹೇಳಬೇಡ ಅನ್ನುವುದೇ ಮೊದಲ ಯೋಚನೆ. ನಮ್ಮ ಕಾಲೇಜುಗಳಲ್ಲಿ ಕೌನ್ಸೆಲಿಂಗ್ ಕೋಣೆಯ ಮುಂದೆ ನಿಂತದ್ದನ್ನು ಯಾರಾದರೂ ನೋಡಿಬಿಟ್ಟರೆ ಅಂತ ಹೆದರಿ ವಾಪಸ್ ಬಂದವರಿಗೆ ಈ ಪುಟಗಳು ಚೆನ್ನಾಗಿಯೇ ಅರ್ಥವಾಗುತ್ತವೆ.

ಇನ್ನು ದೂರುಗಳು. ದೊಡ್ಡವರ ವಿಷಯಕ್ಕೆ ಬಂದರೆ ಲೇಖಕಿ ತುಂಬಾ ಸುಲಭದ ದಾರಿ ಹಿಡಿದಿದ್ದಾರೆ. ಶಾಲೆಯ ಕೌನ್ಸೆಲರ್ ಎಂಬ್ರಿಗೆ ಅನುಮಾನ ಇದೆ, ಬೈಪೋಲಾರ್ (ಮನಸ್ಸು ವಿಪರೀತ ಹುರುಪು ಮತ್ತು ತೀರಾ ಕುಗ್ಗುವಿಕೆಯ ನಡುವೆ ಹೊಯ್ದಾಡುವ ಕಾಯಿಲೆ) ಅನ್ನುವ ಮಾತನ್ನೂ ಎತ್ತುತ್ತಾರೆ. ಆ ಹಣೆಪಟ್ಟಿ ಬೇಡ ಅಂತ ಫಿಂಚ್ ಎದ್ದು ಹೋಗುತ್ತಾನೆ. ಆಮೇಲೆ ಒಂದು ಜಗಳ, ಶಾಲೆಯಿಂದಲೇ ಹೊರಗೆ. ಕಣ್ಣಿಟ್ಟಿದ್ದ ಒಬ್ಬನೇ ಮನುಷ್ಯನೂ ಹೀಗೆ ಕೈತಪ್ಪುತ್ತಾನೆ. ಇದು ನಂಬುವಂಥದ್ದೇ. ಆದರೆ ಫಿಂಚ್‌ನ ಅಮ್ಮ, ಅಕ್ಕ, ಸ್ನೇಹಿತರು ಎಲ್ಲರೂ "ಅವನು ಹಾಗೇ, ಬರ್ತಾನೆ ಬಿಡು" ಅಂತ ಕೂರುವುದು ಒಂದು ಹಂತದ ಮೇಲೆ ಕಥೆ ಓಡಲಿ ಅಂತ ಮಾಡಿದ ಏರ್ಪಾಡು ಅನ್ನಿಸಿತು. ಔಷಧಿ, ಚಿಕಿತ್ಸೆ ತೆಗೆದುಕೊಂಡು ಮಾಮೂಲಿ ಬದುಕು ನಡೆಸುವ ಒಬ್ಬನೇ ಒಬ್ಬ ಬೈಪೋಲಾರ್ ವ್ಯಕ್ತಿಯನ್ನಾದರೂ ಕಥೆಯಲ್ಲಿ ತರಬಹುದಿತ್ತಲ್ವಾ? ಓದುವ ಹುಡುಗನಿಗೆ ಇದೇ ಕಾಯಿಲೆ ಇದ್ದರೆ, ಅವನಿಗೆ ಇಲ್ಲಿ ಕಾಣುವ ದಾರಿ ಒಂದೇ. ಅದು ಸುಳ್ಳು ದಾರಿ.

ಇನ್ನೊಂದು, ಅವನು ಹೋದ ಮೇಲಿನ ಭಾಗ. ಅವನು ಬಿಟ್ಟುಹೋದ ಸುಳಿವುಗಳನ್ನು ಹಿಡಿದು ವೈಲೆಟ್ ಒಂದೊಂದೇ ಜಾಗಕ್ಕೆ ಹೋಗುತ್ತಾಳೆ. ಓದಲು ಚೆಂದ, ಕಣ್ಣೀರೂ ಬರುತ್ತದೆ. ಅದೇ ನನ್ನ ತಕರಾರು. ಸಾವು ಒಂದು ಸುಂದರವಾದ ಒಗಟಿನ ಹಾಗೆ, ಹೋದವನು ಇನ್ನೂ ಎಲ್ಲೋ ಇದ್ದು ಆಟ ಆಡಿಸುತ್ತಿರುವ ಹಾಗೆ ಕಾಣಿಸುತ್ತದೆ. ಲೇಖಕಿಯ ಉದ್ದೇಶ ಅದಲ್ಲ ಅಂತ ಗೊತ್ತು. ತಾವೇ ಪ್ರೀತಿಸಿದ ಹುಡುಗನೊಬ್ಬನನ್ನು ಹೀಗೇ ಕಳೆದುಕೊಂಡದ್ದನ್ನು ಕೊನೆಯ ಟಿಪ್ಪಣಿಯಲ್ಲಿ ಬರೆದಿದ್ದಾರೆ. ದಯವಿಟ್ಟು ಆ ಟಿಪ್ಪಣಿ ಬಿಡಬೇಡಿ. ಕಥೆ ಮುಗಿಸಿದ ತಕ್ಷಣ ಅದನ್ನೂ ಓದಿ.

ಯಾರಿಗೆ ಕೊಡಬಹುದು? ಹದಿನಾರು ದಾಟಿದವರಿಗೆ, ಅದೂ ಜೊತೆಗೆ ಓದಿ ಮಾತಾಡಲು ಒಬ್ಬರಿದ್ದರೆ. ಈಗ ಮನಸ್ಸು ತೀರಾ ಕುಗ್ಗಿರುವವರಿಗೆ ಸದ್ಯಕ್ಕೆ ಬೇಡ, ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ. ಅವರು ಮೊದಲು 14416ಕ್ಕೆ ಫೋನ್ ಮಾಡಲಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್‌ನ ಉಸ್ತುವಾರಿ ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ಬಂತು, ಎಲ್ ಫ್ಯಾನಿಂಗ್ ಮತ್ತು ಜಸ್ಟಿಸ್ ಸ್ಮಿತ್ ಇದ್ದಾರೆ. ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ಅಲ್ಲಿ ಗಂಟೆ ಗೋಪುರ ಹೋಗಿ ಸೇತುವೆ ಬಂದಿದೆ, ಫಿಂಚ್‌ನ ಮನೆಯ ಕಥೆ ಮುಕ್ಕಾಲು ಪಾಲು ಮಾಯ. ಪುಸ್ತಕದಲ್ಲಿ ಅವನಿಗೆ ಡೆಕ್ಕಾ ಅಂತ ಪುಟ್ಟ ತಂಗಿ ಇದ್ದಾಳೆ. ಪುಸ್ತಕಗಳಿಂದ ಕೆಟ್ಟ ಮಾತುಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ತೆಗೆಯುತ್ತಾ ಕೂರುವವಳು, ಒಳ್ಳೆಯ ಮಾತುಗಳ ಜೊತೆ ಅವು ಬೆರೆಯಬಾರದಂತೆ. ಆ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದಕ್ಕೆ ಅದೊಂದು ದೃಶ್ಯ ಸಾಕು. ಸಿನಿಮಾ ನೋಡಿ ಕಥೆ ಗೊತ್ತಾಯಿತು ಅಂತ ಬಿಟ್ಟವರು ಆ ಮನೆಗಾಗಿಯಾದರೂ ಪುಸ್ತಕ ತೆಗೆದುಕೊಳ್ಳಿ.