ಬೀಗ, ಅಗಳಿ, ಕೊಂಡಿ: ಹಳೆ ಇಂಗ್ಲಿಷ್ ಪದಗಳಿಗೆ ಬೋಸ್‌ವರ್ತ್–ಟಾಲರ್ ಜಾಲನಿಘಂಟು

ಕಟ್ಟುವುದು, ಬಿಗಿಯುವುದು, ಬೀಗ ಹಾಕುವುದು ಇವಕ್ಕೆಲ್ಲ ಹಳೆ ಇಂಗ್ಲಿಷಿನಲ್ಲಿ ಏನೇನು ಪದಗಳಿದ್ದವು ಎಂದು ತಿಳಿಯಬೇಕಾದವರಿಗೆ, ದುಡ್ಡಿಲ್ಲದೆ ಸಿಗುವ ಸಾಧನಗಳಲ್ಲಿ ಬೋಸ್‌ವರ್ತ್–ಟಾಲರ್ ನಿಘಂಟಿನ ಜಾಲ ಆವೃತ್ತಿಗೇ ನಮ್ಮ ಮೊದಲ ಮತ. ಇದರ ಹಿಂದಿರುವುದು ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯ. ಹಳೆ ಇಂಗ್ಲಿಷ್ ಎಂದರೆ ಇಲ್ಲಿ ಶೇಕ್ಸ್‌ಪಿಯರನ ಕಾಲದ್ದಲ್ಲ, ಸುಮಾರು 1150ಕ್ಕಿಂತ ಹಿಂದಿನದು. ಹಾಗಾಗಿ ಬಕಲ್, ಬಟನ್ ಇದರಲ್ಲಿ ಸಿಗುವುದಿಲ್ಲ. ಅವೆರಡೂ ಆಮೇಲೆ ಫ್ರೆಂಚಿನಿಂದ ಬಂದವು.

ಜೋಸೆಫ್ ಬೋಸ್‌ವರ್ತ್ 1876ರಲ್ಲಿ ತೀರಿಕೊಂಡಾಗ ಕೆಲಸ ಅರ್ಧಕ್ಕೆ ನಿಂತಿತ್ತು. ನಾರ್ತ್‌ಕೋಟ್ ಟಾಲರ್ ಅದನ್ನು ಕೈಗೆತ್ತಿಕೊಂಡು 1898ಕ್ಕೆ ಮುಗಿಸಿದರು, ಪುರವಣಿಯನ್ನು 1921ಕ್ಕೆ ಪೂರ್ತಿ ಮಾಡಿದರು. ಅಲಿಸ್ಟರ್ ಕ್ಯಾಂಬೆಲ್ 1972ರಲ್ಲಿ ಇನ್ನಷ್ಟು ಸೇರಿಸಿದರು. ಅಚ್ಚಿನ ಪ್ರತಿಯಲ್ಲಾದರೆ ಒಂದೇ ಪದಕ್ಕೆ ಮೂರು ಕಡೆ ಪುಟ ತಿರುವಬೇಕು. ಜಾಲದಲ್ಲಿ ಮೂಲ ಸಂಪುಟ, ಪುರವಣಿ ಎರಡನ್ನೂ ಒಂದೇ ಕಡೆ ನೋಡಬಹುದು, ಅದೇ ದೊಡ್ಡ ಅನುಕೂಲ. ಕ್ಯಾಂಬೆಲ್ ಸೇರಿಸಿದ್ದು ಮಾತ್ರ ಅಲ್ಲಿಲ್ಲ. ಮೂಲ ಸಂಪುಟದಲ್ಲಿ ಆರಂಭದ ಅಕ್ಷರಗಳ ಭಾಗ ದುರ್ಬಲ. ನಮ್ಮ ವಿಷಯದ ಬಿಂಡನ್ (ಕಟ್ಟು), ಕ್ಲೂಸ್ಟೋರ್ (ಬೀಗ, ಅಗಳಿ), ಕೊಪ್ಸ್ (ಬೇಡಿ), ಫ್ಯಾಸ್ಟ್ (ಬಿಗಿಯಾದ) ಎಲ್ಲ ಬರುವುದು ಆ ಭಾಗದಲ್ಲೇ. ಇವುಗಳ ನಮೂದು ಓದುವಾಗ ಪುರವಣಿಯ ಭಾಗವನ್ನು ಬಿಡಲೇಬೇಡಿ. ಎಷ್ಟೋ ಕಡೆ ಅದು ಮೇಲಿನದನ್ನು ತಿದ್ದುತ್ತದೆ.

ನಿಘಂಟಿನ ನಿಜವಾದ ಬೆಲೆ ತಿಳಿಯುವುದು ಬಾಗಿಲಿನ ಪದಗಳಲ್ಲಿ. ಶ್ಯುಟ್ಟೆಲ್ಸ್ ಎಂದರೆ ಅಗಳಿ. ಅದರ ಕ್ರಿಯಾಪದ ಶ್ಯುಟ್ಟನ್, ಅಂದರೆ ಅಗಳಿ ತಳ್ಳು. ಇಂದಿನ ‘ಶಟ್’ ಹುಟ್ಟಿದ್ದು ಇದರಿಂದ. ಕದ ಮುಚ್ಚುವುದು ಎಂಬ ಅರ್ಥಕ್ಕಿಂತ ಮೊದಲು ಅದರಲ್ಲಿದ್ದದ್ದು ಅಗಳಿ ಜಾರಿಸುವ ಕೆಲಸ. ಹ್ಯಾಪ್ಸೆ ಎಂದರೆ ಚಿಲಕದ ಕೊಂಡಿ. ಇಂದಿನ ‘ಹ್ಯಾಸ್ಪ್’ ಇದೇ ಪದ, ಪ ಮತ್ತು ಸ ಜಾಗ ಬದಲಿಸಿಕೊಂಡಿವೆ ಅಷ್ಟೆ. ಕೊಪ್ಸ್ ಕೂಡ ಕೊಸ್ಪ್ ಎಂದು ಸಿಗುತ್ತದೆ. ಒಂದು ರೂಪದಲ್ಲಿ ಹುಡುಕಿ ಏನೂ ಬಾರದಿದ್ದರೆ ಈ ಎರಡು ವ್ಯಂಜನಗಳನ್ನು ತಿರುಗಿಸಿ ನೋಡಿ. ಫೆಟೊರ್ ಎಂದರೆ ಕಾಲಬೇಡಿ, ಅದು ಪಾದ ಎಂಬ ಪದದ ನಂಟು. ಕ್ಲೂಸ್ಟೋರ್ ಮಾತ್ರ ಲ್ಯಾಟಿನ್ನಿನ ಕ್ಲೌಸ್ಟ್ರುಮ್‌ನಿಂದ ಎರವಲು ಬಂದದ್ದು.

ಎಡವುವುದು ಹೆಚ್ಚಾಗಿ ‘ಲಾಕ್’ ಹುಡುಕುವಾಗ. ಒಂದು ಸಿ ಇರುವ ಲೊಕ್ ಎಂದರೆ ಬೀಗ, ಅಗಳಿ, ಜೊತೆಗೆ ಕುರಿದೊಡ್ಡಿಯಂಥ ಮುಚ್ಚಿದ ಜಾಗ. ಎರಡು ಸಿ ಇರುವ ಲೊಕ್ಕ್ ಎಂದರೆ ಕೂದಲ ಎಳೆ. ಅದು ಬೇರೆಯದೇ ಪದ. ಬೀಗ ಹಾಕುವ ಕ್ರಿಯೆಗೆ ಲೂಕನ್. ಇಂದಿನ ‘ಲಾಕ್’ ಕ್ರಿಯಾಪದ ಇದರಿಂದ ಬಂದದ್ದಲ್ಲ, ನಾಮಪದದಿಂದ ಆಮೇಲೆ ಮಾಡಿಕೊಂಡದ್ದು. ‘ಬೋಲ್ಟ್’ ಕೂಡ ಹೀಗೇ ಮೋಸ ಮಾಡುತ್ತದೆ: ಹಳೆ ಇಂಗ್ಲಿಷಿನಲ್ಲಿ ಅದು ಬಾಣ, ಬಾಗಿಲಿನ ಅರ್ಥ ಸೇರಿಕೊಂಡದ್ದು ಶತಮಾನಗಳ ನಂತರ. ‘ಫಾಸ್ಟ್’ ಎಂಬುದಕ್ಕೆ ವೇಗದ ಅರ್ಥವೂ ತಡವಾಗಿ ಅಂಟಿದ್ದು. ಫ್ಯಾಸ್ಟ್ ಬಿಗಿ, ಫ್ಯಾಸ್ಟ್‌ನಿಯನ್ ಬಿಗಿಮಾಡು.

ಪೂರ್ವಪ್ರತ್ಯಯಗಳ ಕಾಟವೂ ಇದೆ. ಬಿಂಡನ್ ಒಂದು ನಮೂದು, ‘ಗೆ’ ಸೇರಿದ ರೂಪ ಜಿ ಅಕ್ಷರದಡಿ ಇನ್ನೊಂದು. ಎರಡನ್ನೂ ತೆರೆಯದಿದ್ದರೆ ಅರ್ಧ ಉದಾಹರಣೆಗಳು ತಪ್ಪಿಹೋಗುತ್ತವೆ. ಬೆಲೂಕನ್ ಮುಚ್ಚುವುದು, ಒನ್‌ಲೂಕನ್ ಬೀಗ ತೆಗೆಯುವುದು. ಇವೂ ಬೇರೆ ಬೇರೆ ಕಡೆ. ದೀರ್ಘ ಸ್ವರಕ್ಕೆ ಇಂದಿನ ಪಠ್ಯಪುಸ್ತಕಗಳು ಅಕ್ಷರದ ಮೇಲೆ ಅಡ್ಡಗೆರೆ ಹಾಕಿದರೆ ಈ ನಿಘಂಟು ಓರೆಗೆರೆ ಹಾಕುತ್ತದೆ. ಪಠ್ಯದಿಂದ ನಕಲಿಸಿ ಅಂಟಿಸಿದ ಪದ ಸಿಗದಿದ್ದರೆ ಗೆರೆ ತೆಗೆದು ಮತ್ತೆ ಪ್ರಯತ್ನಿಸಿ.

ನಿಘಂಟಿನ ಮುಖ್ಯ ಕೊರತೆ ಎಂದರೆ ಅದು ಪದದಿಂದ ಅರ್ಥಕ್ಕೆ ಹೋಗುವ ದಾರಿ. ‘ಬಿಗಿಯುವ ಪದಗಳೆಲ್ಲ ಬೇಕು’ ಎಂದರೆ ಅದು ಒಂದೆಡೆ ಕೂಡಿಸಿ ಕೊಡುವುದಿಲ್ಲ. ಆ ಕೆಲಸಕ್ಕೆ ಗ್ಲಾಸ್ಗೋ ವಿಶ್ವವಿದ್ಯಾಲಯದ ಜಾಲದಲ್ಲಿರುವ ಹಳೆ ಇಂಗ್ಲಿಷ್ ಅರ್ಥಕೋಶವೇ ಸರಿ. 1995ರಲ್ಲಿ ಮೊದಲು ಅಚ್ಚಾದ ಇದು ಪದಗಳನ್ನು ವಿಷಯವಾರು ಜೋಡಿಸಿದೆ. ಇಲ್ಲಿಂದ ಪಟ್ಟಿ ಮಾಡಿಕೊಂಡು, ಒಂದೊಂದನ್ನೂ ಬೋಸ್‌ವರ್ತ್–ಟಾಲರಿನಲ್ಲಿ ತೂಗಿ ನೋಡುವುದು ಸರಿಯಾದ ಕ್ರಮ. ಅರ್ಥಕೋಶ ಬರಿಯ ಪದ ಕೊಡುತ್ತದೆ, ಬಳಕೆಯ ವಾಕ್ಯ ಕೊಡುವುದಿಲ್ಲ. ಟೊರಾಂಟೊದಲ್ಲಿ ತಯಾರಾಗುತ್ತಿರುವ ಹೊಸ ನಿಘಂಟು ಎರಡಕ್ಕಿಂತಲೂ ನಿಖರ, ಆದರೆ ಎ ಇಂದ ಐ ವರೆಗಿನ ಭಾಗ ಹೊರಬರುವಷ್ಟರಲ್ಲೇ 2018 ಆಗಿತ್ತು. ಶ್ಯುಟ್ಟೆಲ್ಸ್ ಬೇಕಾದವರು ಅದಕ್ಕಾಗಿ ಕಾಯುತ್ತ ಕೂರಲಾಗದು.

ಉಲ್ಲೇಖಗಳ ವಿಷಯದಲ್ಲಿ ತಾಳ್ಮೆ ಬೇಕು. ನಿಘಂಟು ಹೆಸರಿಸುವ ಪುಟಗಳು ಹೆಚ್ಚಾಗಿ 19ನೇ ಶತಮಾನದ ಮುದ್ರಣಗಳವು, ಇಂದಿನ ಆವೃತ್ತಿಗಳ ಪುಟಕ್ಕೆ ತಾಳೆಯಾಗುವುದಿಲ್ಲ. ಸಾಲು ಹುಡುಕಬೇಕಾದರೆ ಪುಟಸಂಖ್ಯೆ ಬಿಟ್ಟು ಉದಾಹರಣೆ ವಾಕ್ಯದ ಎರಡು ಮೂರು ಪದ ಹಿಡಿದು ಹುಡುಕಿ.

ಅರ್ಥಕೋಶದಲ್ಲಿ ಪದದ ಪಕ್ಕ ಬರುವ ಸಣ್ಣ ಅಕ್ಷರಗಳನ್ನೂ ಗಮನಿಸಿ. ಜಿ ಎಂದರೆ ಲ್ಯಾಟಿನ್ ಪಠ್ಯದ ಟಿಪ್ಪಣಿಗಳಲ್ಲಿ ಮಾತ್ರ ಕಂಡದ್ದು, ಪಿ ಎಂದರೆ ಕಾವ್ಯದಲ್ಲಿ ಮಾತ್ರ, ಓ ಎಂದರೆ ತೀರಾ ಅಪರೂಪ, ಕ್ಯೂ ಎಂದರೆ ಅನುಮಾನಾಸ್ಪದ. ಬರಿಯ ಟಿಪ್ಪಣಿಯಲ್ಲಿ ಉಳಿದ ಪದ ಯಾವನೋ ಲಿಪಿಕಾರ ಒಂದು ಲ್ಯಾಟಿನ್ ಪದಕ್ಕೆ ಹೊಂದಿಸಿದ್ದೂ ಆಗಿರಬಹುದು. ಅಂಥದ್ದನ್ನು ಜನ ದಿನವೂ ಆಡುತ್ತಿದ್ದ ಮಾತೆಂದು ಬರೆಯುವ ಮೊದಲು ಗದ್ಯದಲ್ಲಿ ಒಂದಾದರೂ ಬಳಕೆ ಇದೆಯೇ ಎಂದು ನಿಘಂಟಿನ ನಮೂದನ್ನು ಕೊನೆಯ ಸಾಲಿನವರೆಗೆ ಓದಿ.